ಬುತ್ತಿ ರೊಟ್ಟಿಗೆ ಹಾಡು ಹಚ್ಚಿದ ಪ್ರಸಂಗ

ಹಾಡು ಆರಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಬನವಾಸಿ ಸುತ್ತಮುತ್ತ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ. ಖಾಲಿ ಕ್ಯಾಸೆಟ್ ತಂದು, "ಬಸಣ್ಣ, ಇದಕ್ಕ ಚಲೋ ಹಾಡು ತುಂಬಿಕೊಡು" ಎಂದರೆ ಸಾಕು, ಎಂಥ ಹಾಡು ಎಂದು ನಾನು ಕೇಳುತ್ತಲೇ ಇರಲಿಲ್ಲ. ಮುಖ ನೋಡಿ ತುಂಬುತ್ತಿದ್ದೆ! ಹೊಸ ಮದುಮಗನಿಗೆ ಒಂದು ನಮೂನೆ, ಸೊಸೆ ತಂದ ಅತ್ತೆಗೆ ಇನ್ನೊಂದು ನಮೂನೆ. ಸಿರ್ಸಿ ಬಸ್ಸಿನ ಡ್ರೈವರ್ ಒಬ್ಬರು ನಿದ್ದೆ ಬಾರದಂಥ ಹಾಡು ಬೇಕೆಂದಾಗ ಎರಡೂ ಬದಿ ತುಂಬಿಕೊಟ್ಟಿದ್ದೆ. ಆಮೇಲೆ ಆ ಬಸ್ಸಿನ ಪ್ರಯಾಣಿಕರಲ್ಲಿ ಒಬ್ಬರೂ ನಿದ್ದೆ ಮಾಡಲಿಲ್ಲವಂತೆ. ಅದು ನನ್ನ ಹಾಡಿನ ಗುಣವೋ ಅವರ ಡ್ರೈವಿಂಗಿನ ಗುಣವೋ ತಿಳಿಯದು. ಕೀರ್ತಿಯನ್ನು ಮಾತ್ರ ನಾನೇ ಇಟ್ಟುಕೊಂಡೆ.

ಕ್ಯಾಸೆಟ್ ಹೋಗಿ ಸೀಡಿ ಬಂತು. ಸೀಡಿ ಹೋಗಿ ಪೆನ್‌ಡ್ರೈವ್ ಬಂತು. ಕೊನೆಗೆ ಎಲ್ಲರ ಕಿಸೆಯಲ್ಲೂ ಮೊಬೈಲ್ ಬಂತು, ನನ್ನ ಅಂಗಡಿಯಲ್ಲಿ ಝೆರಾಕ್ಸ್ ಮಶೀನು ಬಂದು ಕೂತಿತು. ಈಗ ನಾನು ಊರಿನವರ ಆಧಾರ್ ಕಾರ್ಡಿಗೆ ಝೆರಾಕ್ಸ್ ಹೊಡೆದು ಹೊಟ್ಟೆ ಹೊರೆಯುತ್ತೇನೆ. ಆದರೆ ಕಲೆ ಎಂಬುದು ಒಳಗೇ ಕುದಿಯುತ್ತಿರುತ್ತದಲ್ಲ! ಒಂದು ಅವಕಾಶಕ್ಕಾಗಿ ಕಾಯುತ್ತಿದ್ದೆ. ಅದು ಮಗಳ ಕುಬಸದ ರೂಪದಲ್ಲಿ ಬಂತು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಏಳು ತಿಂಗಳು ತುಂಬಿದಾಗ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಕುಬಸ ಮಾಡಿ ಬರಬೇಕು. ಬುತ್ತಿ ಎಂದರೆ ಒಂದು ಡಬ್ಬಿ ಅನ್ನವಲ್ಲ. ಜೋಳದ ರೊಟ್ಟಿ ನೂರೊಂದು, ಅದರ ಜೊತೆ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹೋಳಿಗೆ, ಮೊಸರನ್ನ, ಚಿತ್ರಾನ್ನ. ಬೀಗರ ಮನೆಯ ಓಣಿಯವರೆಲ್ಲ ಬಂದು ಉಂಡು, ತವರಿನವರ ಕೈಗುಣದ ಬಗ್ಗೆ ತೀರ್ಪು ಕೊಟ್ಟು ಹೋಗುತ್ತಾರೆ. ಈ ತೀರ್ಪಿಗೆ ಮೇಲ್ಮನವಿ ಇಲ್ಲ.

ನಮ್ಮ ಸವಿತಾಳನ್ನು ಕೊಟ್ಟದ್ದು ಯಲ್ಲಾಪುರಕ್ಕೆ. ಬೀಗತಿ ಗಂಗಮ್ಮನವರು ಒಳ್ಳೆಯವರು, ಆದರೆ ರೊಟ್ಟಿಯ ವಿಷಯದಲ್ಲಿ ಕಟ್ಟುನಿಟ್ಟು. ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವವರು! ಎಕ್ಸ್‌ರೇ ನೋಡುವ ಡಾಕ್ಟರೂ ಅಷ್ಟು ಹೊತ್ತು ನೋಡುವುದಿಲ್ಲ.

ಬೀಗತಿಯ ಮಾತು ಹಾಗಿರಲಿ. ನನ್ನ ಮನಸ್ಸಿಗೆ ನಾಟಿದ್ದು ಮಗಳ ಫೋನು. ಬಸಿರಾದಾಗಿನಿಂದ ಅವಳಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಗಲ್ಲದ ಎಲುಬು ಕಾಣುತ್ತಿತ್ತು.

"ಅಪ್ಪಾ, ಏನ್ ತಿಂದ್ರೂ ಸೇರವಲ್ದು" ಎಂದಳು. "ನಮ್ಮ ಹಿತ್ತಲದಾಗ ಗಿರಿಜಮ್ಮಜ್ಜಿ ಬಡಿತಾಳಲ್ಲ, ಆ ರೊಟ್ಟಿ ಬಾಯಾಗ ಬರಾಕತ್ತೈತಿ. ಬುತ್ತಿಯೊಳಗ ಮತ್ತೇನ್ ಇರಲಿ ಬಿಡಲಿ, ಅದೊಂದು ಚಲೋ ಮಾಡಿ ತರ್ರಿ."

ಅಪ್ಪನ ಕರುಳು ಚುರ್ ಎಂದಿತು. ಆದರೆ ಕುಬಸವೆಂಬುದು ಪೂರ್ತಿ ಹೆಂಗಸರ ಸಾಮ್ರಾಜ್ಯ. ಅದರಲ್ಲಿ ಅಪ್ಪನ ಪಾತ್ರ ಏನು? ಹೆಂಡತಿ ಶಾಂತಾಳನ್ನು ಕೇಳಿದೆ.

"ಕಟಿಗಿ ಒಡಿಸಿ ತರೋದು, ಕೊಡ ತುಂಬಸೋದು, ಗಾಡಿ ಹೇಳೋದು" ಎಂದಳು. "ಆಮ್ಯಾಲೆ ಅಡ್ಡ ಬರದಂಗ ಒಂದು ಕಡೆ ಕುಂದ್ರೋದು. ಅದು ಎಲ್ಲಾಕಿಂತ ದೊಡ್ಡ ಕೆಲಸ."

ನನಗೆ ಬೇಸರವಾಯಿತು. ನನ್ನ ಮಗಳಿಗಾಗಿ ಓಣಿಯ ಹೆಂಗಸರು ಬೆಳಗಿನಿಂದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಹೆತ್ತ ಅಪ್ಪ ಕೈಕಟ್ಟಿ ಕೂರುವುದೇ? ನನ್ನ ಬಳಿ ಇರುವ ಒಂದೇ ಒಂದು ವಿದ್ಯೆಯನ್ನು ಮಗಳಿಗಲ್ಲದೆ ಇನ್ಯಾರಿಗೆ ಮುಡಿಪಿಡಲಿ? ಆ ಕ್ಷಣದಲ್ಲಿಯೇ ತೀರ್ಮಾನವಾಯಿತು. ರೊಟ್ಟಿ ಬಡಿಯುವವರಿಗಾಗಿ ಒಂದು ಹಾಡಿನ ಪಟ್ಟಿ! ಈಗಿನವರು ಪ್ಲೇಲಿಸ್ಟ್ ಎನ್ನುತ್ತಾರೆ. ಹಾಡು ಕೇಳುತ್ತ ಕೆಲಸ ಮಾಡಿದರೆ ಆಯಾಸ ತಿಳಿಯುವುದಿಲ್ಲ, ಮನಸ್ಸು ಹಗುರಾದರೆ ಕೈ ಹಗುರ, ಕೈ ಹಗುರಾದರೆ ರೊಟ್ಟಿ ಹಗುರ, ರೊಟ್ಟಿ ಹಗುರಾದರೆ ಮಗಳ ಹೊಟ್ಟೆಗೆ ಹಿತ. ಈ ತರ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಇವತ್ತಿಗೂ ಯಾರೂ ತೋರಿಸಿಕೊಟ್ಟಿಲ್ಲ. ರೊಟ್ಟಿಗಳನ್ನು ತೋರಿಸಿದರು, ಅಷ್ಟೇ.

ಒಂದು ವಾರ ಅಂಗಡಿಯಲ್ಲಿ ಕೂತು ಪಟ್ಟಿ ತಯಾರಿಸಿದೆ. ಗಿರಾಕಿಗಳು ಪಹಣಿ ಕೊಟ್ಟರೆ ಎರಡು ಬದಿಯ ಬದಲು ಒಂದೇ ಬದಿಗೆ ಝೆರಾಕ್ಸ್ ಹೊಡೆದೆ. ತಲೆಯಲ್ಲಿ ಬರೀ ರಾಗ! ಶ್ರೋತೃವರ್ಗದ ವಯಸ್ಸು, ಅಭಿರುಚಿ, ಮಂಡಿನೋವು ಇತ್ಯಾದಿಗಳನ್ನು ಗಮನದಲ್ಲಿಟ್ಟುಕೊಂಡು ಕಾರ್ಯಕ್ರಮವನ್ನು ವಿಭಾಗ ಮಾಡಿದೆ. ಹಿಟ್ಟು ನಾದುವಾಗ ಭಕ್ತಿ. ರೊಟ್ಟಿ ಬಡಿಯಲು ಶುರುವಾದ ಮೇಲೆ ತವರಿನ ಹಾಡು. ಬಿಸಿಲೇರಿ ಕೈ ಸೋಲುವ ಹೊತ್ತಿಗೆ ಹುರುಪಿನ ಡೊಳ್ಳು. ಒಂದು ಪುಟ್ಟ ಸ್ಪೀಕರನ್ನೂ ತರಿಸಿದೆ. ನೋಡಲು ತೆಂಗಿನಕಾಯಿಯಷ್ಟು, ಕೂಗಿದರೆ ಮೂರು ಓಣಿ!

ಸ್ಪೀಕರ್ ನೋಡಿ ಶಾಂತಾ ಕೇಳಿದಳು, "ಇದ್ಯಾಕ?"

"ನಿಮ್ಮ ಅನುಕೂಲಕ್ಕ."

"ನಮಗ ಅನುಕೂಲ ಆಗ್ಬೇಕಂದ್ರ ಅದನ್ನ ಅಂಗಡ್ಯಾಗ ಇಡ್ರಿ. ಜೋಡಿ ನೀವೂ ಅಲ್ಲೇ ಇರ್ರಿ."

ಪ್ರತಿಭೆಗೆ ಮನೆಯಲ್ಲಿ ಮನ್ನಣೆ ಸಿಗುವುದಿಲ್ಲ. ನಾನು ಮುಗುಳ್ನಕ್ಕೆ.

ಕುಬಸದ ಹಿಂದಿನ ದಿನ ಬೆಳಗ್ಗೆ ಹಿತ್ತಲಲ್ಲಿ ಒಲೆ ಹೂಡಿದರು. ಎರಡು ಒಲೆ, ಎರಡು ಹಂಚು. ಹಂಚಿನ ಉಸ್ತುವಾರಿ ನನ್ನ ಅಣ್ಣನ ಹೆಂಡತಿ ನೀಲವ್ವ ವೈನಿಯದು. ಅವರದು ಸಣ್ಣ ದೇಹ, ದೊಡ್ಡ ಗಂಟಲು. ರೊಟ್ಟಿ ಬಡಿಯುವ ಮಣೆಗಳ ಮುಂದೆ ಓಣಿಯ ಹೆಂಗಸರು ಸಾಲಾಗಿ ಕೂತರು. ಸಾಲಿನ ಮೊದಲಲ್ಲಿ ಗಿರಿಜಮ್ಮ, ಸವಿತಾ ನೆನೆಸಿಕೊಂಡ ಅಜ್ಜಿ. ಪಕ್ಕದ ಮನೆಯವರು, ನನ್ನ ತಾಯಿಯ ಓರಗೆಯವರು. ಅವರು ಬಡಿದ ರೊಟ್ಟಿ ಹಂಚಿನ ಮೇಲೆ ಬಿದ್ದರೆ ಪೂರಿಯಂತೆ ಉಬ್ಬುತ್ತದೆ. ಶಾಂತಾ ಅವರ ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದಳು.

ನಾನು ಸ್ಪೀಕರನ್ನು ತುಳಸಿಕಟ್ಟೆಯ ಮೇಲಿಟ್ಟೆ. ಗಂಟಲು ಸರಿಮಾಡಿಕೊಂಡು, "ತಾಯಂದಿರೇ, ಈ ಶುಭ ಸಂದರ್ಭದಲ್ಲಿ ನಿಮ್ಮ ಮನರಂಜನೆಗಾಗಿ..." ಎಂದು ಶುರುಮಾಡಿದೆ.

"ಬಸಣ್ಣ, ಭಾಷಣ ಆಮ್ಯಾಲ, ಮೊದಲ ಕಟಿಗಿ ತಾ" ಎಂದರು ಗಿರಿಜಮ್ಮ.

ಕಟ್ಟಿಗೆ ತಂದುಕೊಟ್ಟು ಭಕ್ತಿ ವಿಭಾಗವನ್ನು ಉದ್ಘಾಟಿಸಿದೆ. ಗಂಟೆ, ಜಾಗಟೆ, ನಾದ! ಅದು ಮಂಗಳಾರತಿಯ ಹಾಡು ಎಂಬುದು ಹಚ್ಚಿದ ಮೇಲೆ ನನಗೆ ಹೊಳೆಯಿತು. ಹೊಳೆದು ಏನು ಉಪಯೋಗ? ಮಂಗಳಾರತಿ ನಡೆಯುವಾಗ ಯಾರಾದರೂ ಕೂತಿರುತ್ತಾರೆಯೇ? ಗಿರಿಜಮ್ಮ ಎದ್ದು ನಿಂತರು. ಅವರು ನಿಂತ ಮೇಲೆ ಉಳಿದವರು ಕೂರುವುದುಂಟೇ? ಸಾಲಿಗೆ ಸಾಲೇ ಎದ್ದು, ಹಿಟ್ಟಿನ ಕೈ ಮುಗಿದು, ಕಣ್ಣು ಮುಚ್ಚಿತು. ನೀಲವ್ವ ವೈನಿ ಕೂಡ ಹಂಚಿಗೆ ಬೆನ್ನು ಹಾಕಿ ತುಳಸಿಕಟ್ಟೆಯತ್ತ ತಿರುಗಿ ನಿಂತರು. ಹಂಚಿನ ಮೇಲೆ ಮೊದಲನೆಯ ರೊಟ್ಟಿ ಇತ್ತು. ಹಾಡಿಗೆ ನುಡಿಗಳೋ ನುಡಿಗಳು! ಮುಗಿಯುವ ಲಕ್ಷಣವೇ ಇಲ್ಲ. ನಡುವೆ ನಿಲ್ಲಿಸಲು ನನಗೂ ಧೈರ್ಯವಿಲ್ಲ. ದೇವರ ಕೆಲಸ ನೋಡಿ.

ಹಾಡು ಮುಗಿಯುವ ಹೊತ್ತಿಗೆ ಮೊದಲ ರೊಟ್ಟಿ ಇದ್ದಿಲಾಗಿತ್ತು. ನಾದಿದ ಹಿಟ್ಟು ಬಿರುಕು ಬಿಟ್ಟಿತ್ತು. ಗಿರಿಜಮ್ಮ ಕಣ್ಣು ತೆರೆದು, "ಕರ್ಪೂರ ಎಲ್ಲೈತವ್ವಾ ಶಾಂತಾ?" ಎಂದರು. ಶಾಂತಾ ಕೈ ತೊಳೆದು, ಒಳಗೆ ಹೋಗಿ, ಕರ್ಪೂರ ಹುಡುಕಿ ತಂದು ಹಚ್ಚಿದಳು. ಎಲ್ಲರಿಗೂ ಆರತಿ ಕೊಟ್ಟಳು. ನನ್ನ ಮುಂದೆ ತಟ್ಟೆ ಹಿಡಿದಾಗ ಅವಳ ಕಣ್ಣಿನಲ್ಲಿ ಉರಿಯುತ್ತಿದ್ದದ್ದು ಕರ್ಪೂರ ಮಾತ್ರ ಆಗಿರಲಿಲ್ಲ.

ಎರಡನೆಯ ಹಾಡಿಗೆ ಹೋಗೋಣವೆಂದು ಒತ್ತಿದರೆ ಹಾಡಿನ ಬದಲು ಜಾಹೀರಾತು ಬಂತು. ನಾನು ದುಡ್ಡು ಕಟ್ಟದೆ ಪುಕ್ಕಟೆ ಕೇಳುವ ಗಿರಾಕಿ. ಅದಕ್ಕೆ ಆಗಾಗ ಇಂಥ ಶಿಕ್ಷೆ. "ಮಂಡಿ ನೋವೇ? ಕೂತರೆ ಏಳಲು ಆಗುತ್ತಿಲ್ಲವೇ?" ಎಂದು ಒಬ್ಬ ಗಂಡಸು ಬಹಳ ಕಳಕಳಿಯಿಂದ ಕೇಳಿದ. ಸಾಲಿನಲ್ಲಿ ಎಲ್ಲರ ಕೈಗಳೂ ನಿಂತವು.

"ಹೌದಪ್ಪಾ" ಎಂದು ಉತ್ತರ ಕೊಟ್ಟೇಬಿಟ್ಟರು ಒಬ್ಬರು.

ಅವನು ಯಾವುದೋ ಎಣ್ಣೆಯ ಗುಣಗಾನ ಮಾಡಿದ. ಎಲ್ಲರೂ ಮಿಸುಕಾಡದೆ ಕೇಳಿದರು. ಮುಗಿದ ಮೇಲೆ ಗಿರಿಜಮ್ಮ, "ಬಸಣ್ಣ, ಅದನ್ನ ಇನ್ನೊಮ್ಮೆ ಹಚ್ಚು. ಎಲ್ಲಿ ಸಿಗತೈತಿ ಅಂದಾ ಅಂವಾ?" ಎಂದರು. ಇಡೀ ಪಟ್ಟಿಯಲ್ಲಿ ಎಲ್ಲರ ಮೆಚ್ಚುಗೆಯನ್ನು ಮೊದಲು ಗಳಿಸಿದ್ದು ಅದೇ. ಅದನ್ನು ನಾನು ಆರಿಸಿರಲಿಲ್ಲ!

ಇರಲಿ, ಈಗ ತವರಿನ ವಿಭಾಗ. ಮಗಳ ಬುತ್ತಿಗೆ ರೊಟ್ಟಿ ಬಡಿಯುವಾಗ ತವರಿನ ಹಾಡಿಗಿಂತ ಸೂಕ್ತವಾದದ್ದು ಯಾವುದು? ಗಂಡನ ಮನೆಗೆ ಹೊರಟ ಹುಡುಗಿ ಹೊಸ್ತಿಲ ಮೇಲೆ ನಿಂತು ಹಿಂದಿರುಗಿ ನೋಡುವ ಹಾಡು. ಹಾಡಿದ ಹೆಣ್ಣುಮಗಳ ದನಿಯಲ್ಲಿ ಜೇನು ಇತ್ತು. ಮೊದಲ ಸಾಲಿಗೆ ಗಿರಿಜಮ್ಮ ಸೊರ್ ಎಂದು ಮೂಗು ಏರಿಸಿದರು. ಎರಡನೆಯ ಸಾಲಿಗೆ ಅವರ ಪಕ್ಕದವರು ಸೆರಗು ಹುಡುಕಿದರು. ಮೂರನೆಯ ಸಾಲಿಗೆ ಹಿತ್ತಲಿನ ತುಂಬ ಬಿಕ್ಕುವ ದನಿ! ಒಬ್ಬೊಬ್ಬರಿಗೂ ಅವರವರ ತವರು ನೆನಪಾಗಿತ್ತು. ಶಾಂತಾ ಹಿಟ್ಟಿನ ಮುದ್ದೆಯನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದಳು. ಒಲೆಯ ಹೊಗೆಗೆ ಕಣ್ಣೀರೆಂದು ವೈನಿ ಹೇಳಿಕೊಂಡರು, ಆದರೆ ಹೊಗೆ ಆ ಕಡೆ ಹೋಗುತ್ತಿರಲಿಲ್ಲ. ನನಗೂ ಸವಿತಾ ಹೊರಟ ದಿನ ಕಣ್ಣ ಮುಂದೆ ಬಂತು. ನಾನು ಬಾವಿಯ ಕಡೆ ತಿರುಗಿ ನಿಂತೆ. ಅವಳಿಲ್ಲದ ಮನೆ ನನಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಒಟ್ಟಿನಲ್ಲಿ ಯಜಮಾನನೂ ಅಳುತ್ತಿದ್ದಾನೆ, ಹೆಂಗಸರೂ ಅಳುತ್ತಿದ್ದಾರೆ, ರೊಟ್ಟಿ ಬಡಿಯುವವರು ಯಾರೂ ಇಲ್ಲ. ಹಂಚು ಖಾಲಿ ಕಾದು ಕೆಂಪಾಗುತ್ತಿದೆ. ಬಿಸಿಲು ಏರುತ್ತಿದೆ.

"ಸಾಕು, ಬದಲ ಮಾಡ್ತೀನಿ" ಎಂದೆ.

"ಬ್ಯಾಡ!" ಎಂದು ಇಡೀ ಸಾಲು ಒಟ್ಟಿಗೆ ಕೂಗಿತು. "ಇನ್ನೊಮ್ಮೆ ಹಚ್ರಿ. ಅಳೂದು ಪೂರಾ ಆಗಿಲ್ಲ."

ಇನ್ನೊಮ್ಮೆ ಹಚ್ಚಿದೆ. ಪೂರಾ ಆಯಿತು. ಬಡಿದ ರೊಟ್ಟಿ ಲೆಕ್ಕ ಹಾಕಿದರೆ ಒಂದು ಬುಟ್ಟಿಯ ತಳವೂ ಮುಚ್ಚಿರಲಿಲ್ಲ! ನೀಲವ್ವ ವೈನಿ ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿದರು. "ಮೈದನಾರ, ಹಿಂಗಾದ್ರ ಬುತ್ತಿ ಕುಬಸಕ್ಕ ಅಲ್ಲ, ಕೂಸಿನ ಜಾವಳಕ್ಕ ಮುಟ್ಟತೈತಿ."

ನನ್ನ ಪಟ್ಟಿಯಿಂದ ಆದ ವಿಳಂಬವನ್ನು ನನ್ನ ಪಟ್ಟಿಯಿಂದಲೇ ಸರಿದೂಗಿಸುವುದು ನನ್ನ ಕರ್ತವ್ಯವಾಗಿತ್ತು. ಬ್ರಹ್ಮಾಸ್ತ್ರ ತೆಗೆದೆ. ಡೊಳ್ಳು! ಒಂದೇ ಹಾಡು ಮತ್ತೆ ಮತ್ತೆ ಬರುವಂತೆ ಒತ್ತಿ, ದನಿಯನ್ನು ತುದಿಗೆ ಏರಿಸಿದೆ.

ಡಂಡಂ ಡಂಡಂ ಡಂ! ಏನು ಹೇಳಲಿ! ಅತ್ತು ಹಗುರಾಗಿದ್ದ ಹೆಂಗಸರ ಮೈಗೆ ಮಿಂಚು ಬಂತು. ಒಬ್ಬರ ಕೈ ತಾಳಕ್ಕೆ ಬಿತ್ತು, ಇನ್ನೊಬ್ಬರದು ಬಿತ್ತು, ನೋಡನೋಡುತ್ತಿದ್ದಂತೆ ಸಾಲಿನ ಎಲ್ಲ ಕೈಗಳೂ ಒಟ್ಟಿಗೆ ಏಳುತ್ತಿವೆ, ಒಟ್ಟಿಗೆ ಬೀಳುತ್ತಿವೆ! ಟಪ್ ಟಪ್ ಟಪಾಟಪ್! ಬಳೆಗಳು ಸಹ ತಾಳ ತಪ್ಪುತ್ತಿಲ್ಲ. ಗಿರಿಜಮ್ಮ ಭುಜ ಕುಣಿಸುತ್ತಿದ್ದಾರೆ. ನಾನು ಹೆಮ್ಮೆಯಿಂದ ಉಬ್ಬಿಹೋದೆ. ಜೀವಮಾನದ ಸಾಧನೆ ಎಂದುಕೊಂಡೆ. ಆ ಹೆಮ್ಮೆ ಒಂದು ರೊಟ್ಟಿಯ ಆಯುಷ್ಯದಷ್ಟು ಉಳಿಯಿತು.

ಆಗಿದ್ದೇನೆಂದರೆ, ಹಾಡಿಲ್ಲದಾಗ ಒಬ್ಬರು ಬೇಗ ಬಡಿಯುತ್ತಾರೆ, ಒಬ್ಬರು ನಿಧಾನ. ಒಬ್ಬರು ಮಾತಾಡುತ್ತ ನಿಲ್ಲಿಸುತ್ತಾರೆ, ಒಬ್ಬರು ಹಿಟ್ಟು ತೆಗೆದುಕೊಳ್ಳುತ್ತಾರೆ. ಹಾಗಾಗಿ ಒಂದು ರೊಟ್ಟಿ ಹಂಚಿಗೆ ಬಿದ್ದು, ಮಗುಚಿ, ಕೆಳಗಿಳಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ. ಈಗ ನಾನು ಎಲ್ಲರಿಗೂ ಒಂದೇ ತಾಳ ಹಾಕಿಬಿಟ್ಟಿದ್ದೆ. ಎಲ್ಲರೂ ಕೂಡಿ ಶುರುಮಾಡಿದರು, ಎಲ್ಲರೂ ಕೂಡಿ ಮುಗಿಸಿದರು. ಎಲ್ಲರೂ ಕೂಡಿ ರೊಟ್ಟಿ ಎತ್ತಿ, "ತಗೋ ನೀಲವ್ವ" ಎಂದು ಚಾಚಿದರು. ರೊಟ್ಟಿ ಒಂದು ಸಾಲು, ಹಂಚು ಎರಡು, ವೈನಿ ಒಬ್ಬರು!

"ಅಯ್ಯಯ್ಯ! ಒಬ್ಬೊಬ್ರ ಬರ್ರೇ!" ಎಂದು ವೈನಿ ಕೂಗಿದರು. ಡೊಳ್ಳಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಮುಂದಿನ ಸಾಲು ರೊಟ್ಟಿ ಆಗಲೇ ತಯಾರು. ಬಡಿದ ರೊಟ್ಟಿಯನ್ನು ಹಾಗೆಯೇ ಇಟ್ಟರೆ ಅದು ಒಣಗಿ ಸೀಳುತ್ತದೆ. ಸೀಳಬಾರದೆಂದು ವೈನಿ ಒಂದರ ಮೇಲೊಂದು ಹಂಚಿಗೆ ಹಾಕಿದರು. ಕೆಳಗಿನದು ಕರಿಯಾಯಿತು, ಮೇಲಿನದು ಹಸಿಯೇ ಉಳಿಯಿತು, ನಡುವಿನದು ಎರಡನ್ನೂ ಅಂಟಿಸಿತು.

"ಮೈದನಾರ! ನನಗೇನು ಹತ್ತು ಕೈ ಅದಾವಾ?"

ನಾನು ಧಾವಿಸಿದೆ. ಎರಡನೆಯ ಹಂಚಿನ ಜವಾಬ್ದಾರಿಯನ್ನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡೆ. ಗಿರಿಜಮ್ಮನವರ ಮಣೆಯಿಂದ ರೊಟ್ಟಿ ಎತ್ತಿದೆ. ಅರ್ಧ ಬಂತು. ಉಳಿದರ್ಧ ಮಣೆಯ ಮೇಲೆ ಕೂತು ನನ್ನನ್ನು ನೋಡಿತು. ಬಂದ ಅರ್ಧವನ್ನು ಹಂಚಿಗೆ ಹಾಕುವಾಗ ಬೆರಳು ತಾಗಿ, "ಅಪ್ಪೋ!" ಎಂದು ಹಾರಿ, ಹಿಟ್ಟಿನ ಪರಾತದೊಳಗೆ ಕೈ ಊರಿದೆ.

"ಹಾಡು ಬಂದ್ ಮಾಡ್ರಿ!" ಶಾಂತಾ ಚೀರಿದಳು.

ಮೊಬೈಲ್ ತೆಗೆದು ಒತ್ತಿದೆ. ಬೆರಳಿಗೆಲ್ಲ ಹಿಟ್ಟು. ಮೊಬೈಲಿಗೂ ಹಿಟ್ಟು ಮೆತ್ತಿತು. ಅದು ನನ್ನ ಬೆರಳನ್ನು ಗುರುತು ಹಿಡಿಯಲು ನಿರಾಕರಿಸಿತು. ಧೋತರಕ್ಕೆ ಒರೆಸಿದೆ, ಅಲ್ಲಿಯೂ ಹಿಟ್ಟು. ಮೂಗಿನಿಂದ ಒತ್ತಿ ನೋಡಿದೆ. ದನಿ ಇನ್ನೂ ಒಂದು ಮೆಟ್ಟಿಲು ಏರಿತು! ತುದಿಗೆ ಏರಿಸಿದ್ದೇನೆಂದು ನಾನು ಅಂದುಕೊಂಡದ್ದು ತುದಿಯಾಗಿರಲಿಲ್ಲ. ಬೇಲಿಯಾಚೆ ಯಾರೋ, "ಬಸಣ್ಣನ ಮನ್ಯಾಗ ಮೆರವಣಿಗಿ ಐತೇನು?" ಎಂದು ಕೇಳುವುದು ಕೇಳಿಸಿತು.

ಶಾಂತಾ ಎದ್ದಳು. ತುಳಸಿಕಟ್ಟೆಯ ಮೇಲಿನ ಸ್ಪೀಕರನ್ನು ಕೋಳಿಯ ಕುತ್ತಿಗೆ ಹಿಡಿದಂತೆ ಹಿಡಿದು, ಖಾಲಿ ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಳು. ತಗಡಿನ ಡಬ್ಬಿ! ಒಳಗಿನ ಡೊಳ್ಳು ಡಬ್ಬಿಯನ್ನೇ ಡೊಳ್ಳು ಮಾಡಿಕೊಂಡು ಗುಂಯ್ ಗುಂಯ್ ಎಂದು ಹಿತ್ತಲನ್ನೆಲ್ಲ ನಡುಗಿಸಿತು. ಕಡೆಗೆ ಗಿರಿಜಮ್ಮ ತಮ್ಮ ಸೆರಗಿನ ತುದಿಯನ್ನು ಒದ್ದೆ ಮಾಡಿ, ಮೊಬೈಲನ್ನು ಮಗುವಿನ ಮುಖ ಒರೆಸಿದಂತೆ ಒರೆಸಿಕೊಟ್ಟ ಮೇಲೆ ನಿಲ್ಲಿಸಲು ಸಾಧ್ಯವಾಯಿತು.

ಹಾಡು ನಿಂತಿತು. ಕೈಗಳು ನಿಲ್ಲಲಿಲ್ಲ! ತಾಳ ಮೈಗೆ ಹತ್ತಿಬಿಟ್ಟಿತ್ತು. ಹಾಡಿಲ್ಲದೆಯೇ ಟಪ್ ಟಪ್ ಟಪಾಟಪ್ ಎಂದು ಇನ್ನೊಂದು ಸಾಲು ರೊಟ್ಟಿ ಒಟ್ಟಿಗೆ ಎದ್ದು ಬಂತು. ವೈನಿ ಹಂಚು ಬಿಟ್ಟು ನೆಲಕ್ಕೆ ಕೂತರು.

ಮಧ್ಯಾಹ್ನಕ್ಕೆ ಎಣಿಸಿ ನೋಡಿದರೆ ಸಂಖ್ಯೆಗೇನೋ ತೊಂದರೆ ಇರಲಿಲ್ಲ. ಆದರೆ ಅರ್ಧದಷ್ಟು ರೊಟ್ಟಿ ನೋಡುವ ಹಾಗಿರಲಿಲ್ಲ. ಕೆಲವಕ್ಕೆ ಕರಿ ಮಚ್ಚೆ, ಕೆಲವು ಪೂರ್ತಿ ಕರಿ. ಅಂಚು ಸೀಳಿದವು, ಅಂಟಿಕೊಂಡು ಅವಳಿ ಜವಳಿಯಾದವು ಬೇರೆ. ಹೊಸದಾಗಿ ಮಾಡೋಣವೆಂದರೆ ಹಿಟ್ಟು ತೀರಿತ್ತು. ಜೋಳದ ಚೀಲ ಹೊತ್ತು ಗಿರಣಿಗೆ ಓಡಿದೆ. ಲೈನಿನ ಕೆಲಸ ನಡೆದಿದೆ, ನಾಳೆವರೆಗೆ ಕರೆಂಟಿಲ್ಲ ಎಂದರು. ಮರುದಿನ ಬೆಳಗ್ಗೆಯೇ ಹೊರಡಬೇಕು. ಹೊತ್ತ ಚೀಲವನ್ನು ಹಾಗೆಯೇ ಹೊತ್ತು ವಾಪಸು ಬಂದೆ.

ಶಾಂತಾ ಬೈಯುತ್ತಾಳೆಂದು ತಯಾರಾಗಿದ್ದೆ. ಬೈಯಲಿಲ್ಲ. ಬುಟ್ಟಿಯ ಮುಂದೆ ಕೂತು, ಒಂದು ಸುಟ್ಟ ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಹುಡುಗಿ ಒಂದ ಒಂದು ಕೇಳಿತ್ತು" ಎಂದಳು. ಅಷ್ಟೇ.

ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಂದು ಮಾತಿಗೆ ಹೆಗಲ ಮೇಲಿನ ಚೀಲ ಇಳಿಸುವುದನ್ನೂ ಮರೆತೆ. ಮಗಳಿಗಾಗಿ ಏನಾದರೂ ಮಾಡಬೇಕೆಂದು ಹೊರಟವನು ಅವಳು ಕೇಳಿದ ಆ ಒಂದನ್ನೇ ಕೆಡಿಸಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು.

ಗಿರಿಜಮ್ಮ ಮುಂದೆ ಬಂದರು. "ಚಲೋವು ಮ್ಯಾಲೆ, ಚಲೋವು ಕೆಳಗ, ಇವನ್ನ ನಡುವ ಇಡ್ರಿ. ಗಂಟು ಕಟ್ಟಿದ ಮ್ಯಾಲೆ ಎಲ್ಲಾ ಒಂದ" ಎಂದರು. ಸಂತೆಯಲ್ಲಿ ಟೊಮೆಟೊ ಮಾರುವವರ ಈ ಪುರಾತನ ವಿಧಾನವನ್ನು ಎಲ್ಲರೂ ಒಪ್ಪಿದರು. ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿದಾಗ ಅದು ಮದುಮಗಳಷ್ಟು ಚಂದ ಕಾಣುತ್ತಿತ್ತು. ನನ್ನ ಎದೆ ಮಾತ್ರ ಡಬ್ಬಿಯೊಳಗಿನ ಡೊಳ್ಳಿನಂತೆ ಹೊಡೆದುಕೊಳ್ಳುತ್ತಿತ್ತು.

ಮರುದಿನ ಬಾಡಿಗೆ ಗಾಡಿಯಲ್ಲಿ ಹೊರಟೆವು. ಶಾಂತಾ, ವೈನಿ, ಗಿರಿಜಮ್ಮ ಹಿಂದಿನ ಸೀಟಿನಲ್ಲಿ, ಬುತ್ತಿ ಅವರ ತೊಡೆಯ ಮೇಲೆ. ಡ್ರೈವರ್ ಹಾಡು ಹಾಕಲು ಕೈ ಚಾಚಿದ. ಹಿಂದಿನಿಂದ ಮೂರು ದನಿಗಳು ಒಟ್ಟಿಗೆ, "ಬ್ಯಾಡ!" ಎಂದವು. ಪಾಪ, ಅವನು ಸಿರ್ಸಿ ದಾಟುವವರೆಗೆ ಕೆಮ್ಮಲೂ ಇಲ್ಲ.

ಮಂಚಿಕೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಕೈಮುಗಿದು, ಚಂದಗುಳಿಯ ಗಣಪನಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಗಂಟೆ ಕಟ್ಟುವ ಹರಕೆ ಅಲ್ಲಿ ನಡೆದುಕೊಂಡು ಬಂದದ್ದು. "ತಂದೇ, ನಡುವಿನ ರೊಟ್ಟಿ ಯಾರ ಕಣ್ಣಿಗೂ ಬೀಳದಿರಲಿ. ಒಂದು ಸಣ್ಣ ಗಂಟೆ ಕಟ್ಟುತ್ತೇನೆ" ಎಂದೆ. ಸಣ್ಣದು ಎಂದದ್ದೇ ತಪ್ಪಾಯಿತೋ ಏನೋ.

ಯಲ್ಲಾಪುರದಲ್ಲಿ ಗಂಗಮ್ಮನವರು ಬಾಗಿಲಿಗೇ ಬಂದು, "ಬರ್ರಿ ಬರ್ರಿ, ಬೀಗರ, ದಾರಿ ಚಲೋ ಆತಿಲ್ಲೋ?" ಎಂದು ಕರೆದರು. ಅವರ ಓಣಿಯ ಹೆಂಗಸರು ಪಡಸಾಲೆಯ ತುಂಬ ಕೂತಿದ್ದರು. ಸವಿತಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಬಳೆ ತೊಡಿಸಿ, ಉಡಿ ತುಂಬಿ, ಆರತಿ ಮಾಡಿದರು. ಮಗಳ ಮುಖ ಇಳಿದಿದ್ದರೂ ಕಣ್ಣು ನಗುತ್ತಿದ್ದವು. ಆಮೇಲೆ ಗಂಟು ಪಡಸಾಲೆಯ ನಡುವಿಗೆ ಬಂತು.

ಗಂಗಮ್ಮನವರು ಗಂಟು ಬಿಚ್ಚಿದರು. ಮೇಲಿನ ರೊಟ್ಟಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದರು. "ಭಾಳ ಚಲೋ ಬಡದೀರಿ" ಎಂದರು. ಗಿರಿಜಮ್ಮ ಸೆರಗು ಸರಿಮಾಡಿಕೊಂಡರು. ಎರಡನೆಯದೂ ಪಾಸಾಯಿತು. ಎಲ್ಲ ಸರಿಹೋಯಿತು ಎನ್ನುವಾಗ ಸವಿತಾ ಮೂಗು ಅರಳಿಸಿ, "ಎಂಥಾ ಘಮಾ ಐತಿ!" ಎಂದವಳೇ ಕೈ ಚಾಚಿ ಗಂಟಿನ ನಡುವಿನಿಂದ ಒಂದನ್ನು ಎಳೆದುಬಿಟ್ಟಳು. ಎಳೆದದ್ದು ಯಾವುದನ್ನು? ಎಲ್ಲಕ್ಕಿಂತ ಕರಿಯದನ್ನು!

ಗಂಗಮ್ಮನವರ ಹುಬ್ಬು ಮೇಲೇರಿತು. ಶಾಂತಾ ನೆಲ ನೋಡಿದಳು. ನಾನು ಹೊರಗಿನ ಚಪ್ಪಲಿಗಳಲ್ಲಿ ನನ್ನವು ಎಲ್ಲಿವೆ ಎಂದು ನೋಡಿಕೊಂಡೆ.

ಸವಿತಾ ಮಾತ್ರ ಇದಾವುದನ್ನೂ ಗಮನಿಸಲಿಲ್ಲ. ಸುಟ್ಟ ಅಂಚನ್ನು ಕಟುಂ ಎಂದು ಕಡಿದು, ಕಣ್ಣು ಮುಚ್ಚಿ ಅಗಿದಳು. ಇನ್ನೊಂದು ತುಂಡಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡಳು. ಮುಗಿಸಿದಳು. "ಇಂಥಾದು ಇನ್ನೊಂದು ಐತೇನವ್ವಾ?" ಎಂದಳು.

ಇನ್ನೊಂದೇ! ಗಿರಿಜಮ್ಮ ಗಂಟಿನ ನಡುವಿಗೆ ಕೈ ಹಾಕಿ ಎರಡು ತೆಗೆದರು. ಅದನ್ನೂ ತಿಂದಳು. ಎಣ್ಣೆಗಾಯಿ ಬೇಡಿದಳು, ಮೊಸರನ್ನ ಬೇಡಿದಳು. ಎಲ್ಲರೂ ಉಣ್ಣುವುದನ್ನು ಬಿಟ್ಟು ಅವಳು ಉಣ್ಣುವುದನ್ನೇ ನೋಡಿದೆವು. ಗಂಗಮ್ಮನವರ ಹುಬ್ಬು ಕೆಳಗಿಳಿದು ಕಣ್ಣು ತುಂಬಿಬಂತು.

"ಇಷ್ಟು ದಿನಾ ನಾ ಏನ್ ಮಾಡಿಕೊಟ್ರೂ ಹಿಂಗ ಉಂಡಿದ್ದಿಲ್ರಿ ಈ ಹುಡುಗಿ" ಎಂದರು. "ಇವನ್ನ ಬೇಕಂತ ಹಿಂಗ ಸುಟ್ಟೀರೇನು? ಹೆಂಗ ಬೇಸಿದ್ರಿ?"

ಮೂವರು ಹೆಂಗಸರು ಒಟ್ಟಿಗೆ ನನ್ನತ್ತ ನೋಡಿದರು. ನಾನು ವಿನಯದಿಂದ ತಲೆಬಾಗಿ, "ಅದರಾಗ ನಂದೂ ಸ್ವಲ್ಪ ಪಾಲು ಐತ್ರಿ" ಎಂದೆ. ಶಾಂತಾ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿಂದಿನ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು. ನನ್ನ ಜೀವ ಮರಳಿ ಬಂತು.

ಜೀವ ಬಂದ ಮೇಲೆ ಸುಮ್ಮನಿರಬೇಕಿತ್ತು. ನನಗೆ ಆ ಯೋಗವಿಲ್ಲ. ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ, ಯಾರಿಗೂ ತಿಳಿಯದಂತೆ ತಂದಿದ್ದ ಸ್ಪೀಕರನ್ನು ಚೀಲದಿಂದ ಹೊರತೆಗೆದೆ. ಹೊಟ್ಟೆಯಲ್ಲಿರುವ ಕೂಸಿಗೆ ಹಾಡು ಕೇಳಿಸುತ್ತದೆ ಎನ್ನುತ್ತಾರೆ. ಓಣಿಯವರಿಗೆ ಆರಿಸುವಾಗ ಎಡವಿದ್ದೇನೆ, ಸರಿ. ನನ್ನ ರಕ್ತವನ್ನೇ ಹಂಚಿಕೊಂಡಿರುವ ಜೀವಕ್ಕೆ ನನ್ನ ಅಭಿರುಚಿ ಹಿಡಿಸದಿರುತ್ತದೆಯೇ? ಮೆಲ್ಲನೆಯ ಕೊಳಲು ಹಚ್ಚಿದೆ.

ಸವಿತಾ ತಟ್ಟನೆ ಹೊಟ್ಟೆಯ ಮೇಲೆ ಕೈಯಿಟ್ಟಳು. "ಅಪ್ಪಾ, ಒದೀತು!"

"ನೋಡಿದ್ರೇನು? ತಾಳ ಹಾಕಾಕತ್ತೈತಿ!" ಎಂದು ಇಡೀ ಪಡಸಾಲೆಗೆ ಘೋಷಿಸಿದೆ. ಹಾಡು ಬದಲಿಸಿದೆ. ಮತ್ತೆ ಒದೆ. ಮೂರನೆಯದು ಹಚ್ಚಿದೆ. ಸವಿತಾ, "ಅಯ್ಯಯ್ಯೋ!" ಎಂದು ನಗುತ್ತ ಗೋಡೆಗೆ ಒರಗಿದಳು. ನನಗೆ ಆನಂದಬಾಷ್ಪ.

ಶಾಂತಾ ಎದ್ದು ಬಂದು ಸ್ಪೀಕರಿನ ಗುಂಡಿ ಒತ್ತಿ ಬಂದ್ ಮಾಡಿದಳು.

ಸವಿತಾ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂತಳು. "ಈಗ ಸುಮ್ನಾತಪ್ಪಾ" ಎಂದಳು.

ನ್ಯಾಯವಾಗಿ ಪರೀಕ್ಷೆ ಆಗಲಿ ಎಂದು ನಾನು ಮತ್ತೆ ಹಚ್ಚಿದೆ. ಒದೆ! ಶಾಂತಾ ಬಂದ್ ಮಾಡಿದಳು. ತಣ್ಣಗೆ. ಹಚ್ಚಿದೆ. ಒದೆ! ಬಂದ್ ಮಾಡಿದಳು. ತಣ್ಣಗೆ. ಪಡಸಾಲೆ ಬಿದ್ದುಬಿದ್ದು ನಗುತ್ತಿತ್ತು. ಗಂಗಮ್ಮನವರು ನಕ್ಕು ನಕ್ಕು ಕಂಬ ಹಿಡಿದುಕೊಂಡಿದ್ದರು. ಗಿರಿಜಮ್ಮ ನನ್ನ ಮಗಳ ಹೊಟ್ಟೆಗೆ ದೃಷ್ಟಿ ತೆಗೆದು, "ಹುಷಾರ್ ಕೂಸು, ಅಜ್ಜಿಯ ಮ್ಯಾಲ ಹೋಗೈತಿ" ಎಂದರು.

ನಾನು ಸ್ಪೀಕರನ್ನು ಚೀಲಕ್ಕೆ ಹಾಕಿ ಕೈಕಟ್ಟಿ ಒಂದು ಕಡೆ ಕೂತೆ. ಮಗಳು ಇನ್ನೊಂದು ಕರಿ ರೊಟ್ಟಿಗೆ ಕೈ ಚಾಚುತ್ತಿದ್ದಳು. ಹುಟ್ಟುವ ಮೊದಲೇ ನನ್ನನ್ನು ಸುಮ್ಮನೆ ಕೂರಿಸಲು ಕಲಿತ ಕೂಸು! ನಮ್ಮ ಮನೆಯ ಮುಂದಿನ ತಲೆಮಾರಿನ ಆಡಳಿತದ ಬಗ್ಗೆ ನನಗೀಗ ಎಳ್ಳಷ್ಟೂ ಚಿಂತೆ ಇಲ್ಲ.